ವಿಮಾನ ಬಂದರೆ ಆಟ ನಿಲ್ಲಬೇಕು

೨೬ ಸೆಪ್ಟೆಂಬರ್ ೨೦೦೪, ಭಾನುವಾರ. ಬೆಳಿಗ್ಗೆ

…ಹಾಂ, ಕಂಬದ ವಿಷಯ. ನಿನ್ನೆ ಬರೆಯುತ್ತಾ ಕಂಬದ ವಿಷಯಕ್ಕೆ ಬಂದಾಗ ಕುಕ್ಕರ್ ಕೂಗಿತು, ಎದ್ದುಹೋದೆ. ಎಷ್ಟು ಕೂಗು ಎಂದು ಎಣಿಸಲು ಮರೆತೆ. ಅನ್ನ ತಳ ಹಿಡಿದಿತ್ತು. ಇರಲಿ. ಮೊಸರು ಹಾಕಿಕೊಂಡರೆ ಗೊತ್ತಾಗುವುದಿಲ್ಲ.

ಕಂಬ ಎರಡು. ಕಾಲೋನಿ ಮೈದಾನದ ಈಚೆಗೊಂದು, ಆಚೆಗೊಂದು. ನಮ್ಮ ಮನೆಯ ಹಳೇ ನೀರಿನ ಪೈಪು ಕೀಳಿಸಿದಾಗ ಗುಜರಿಯವನು ಗಾಡಿ ತಂದಿದ್ದ. ಶಾಂತಾ ಆಫೀಸಿನಿಂದ ಬಂದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. "ಆ ಉದ್ದದ್ದು ಎರಡು ಇಳಿಸಪ್ಪ, ಅದಕ್ಕೆ ಬೇರೆ ಕೆಲಸ ಇದೆ." ಏನು ಕೆಲಸ ಎಂದು ನಾನು ಕೇಳಲಿಲ್ಲ. ಅವಳು ಹೇಳುವವಳಲ್ಲ, ಮಾಡಿ ತೋರಿಸುವವಳು. ಮುಂದಿನ ಭಾನುವಾರ ಮೈದಾನದಲ್ಲಿ ಗುಂಡಿ ತೋಡಿಸಿ, ಸಿಮೆಂಟು ತಾನೇ ಕಲಸಿ — ಸೀರೆ ಉಟ್ಟುಕೊಂಡೇ! — ಎರಡನ್ನೂ ನಿಲ್ಲಿಸಿದಳು. ಶಿವಾಜಿನಗರಕ್ಕೆ ಹೋಗಿ ನೆಟ್ ತಂದಳು. ಜೀವನ್ ಬಿಮಾ ನಗರದ ನಮ್ಮ ಕಾಲೋನಿಯಲ್ಲಿ ಹೆಂಗಸರ ಥ್ರೋಬಾಲ್ ಶುರುವಾದದ್ದು ಹಾಗೆ. ತೊಂಬತ್ತರಲ್ಲಿ. ಅಥವಾ ತೊಂಬತ್ತೊಂದು.

ಹಗಲೆಲ್ಲ ಇನ್ಶೂರೆನ್ಸ್ ಆಫೀಸಿನಲ್ಲಿ ಫೈಲು. ಸಂಜೆ ಬಸ್ಸಿಳಿದು, ಬ್ಯಾಗು ಒಳಗೆಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ ಮೈದಾನಕ್ಕೆ. ಹೀಗೆ ದಣಿವೇ ಅರಿಯದವರಿಗೊಂದು ಇಂಗ್ಲಿಷ್ ಪದ ಇದೆ. ಇಂಡಿಫ್ಯಾಟಿ… ಇಂಡಿಫ್ಯಾ… ಬಿ.ಎಸ್ಸಿ.ಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಅವರೇ ನನ್ನ ಕಾಂಪೊಸಿಷನ್ ಮೇಲೆಲ್ಲ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು — ಕಮ್ ಟು ದಿ ಪಾಯಿಂಟ್, ಅನಂತರಾಮು.

ಬಂದೆ ಸಾರ್. ಪಾಯಿಂಟು ಇದು: ನಿನ್ನೆ ಸುದರ್ಶನ್ ಬಂದಿದ್ದ. ಕಾಲೋನಿ ಅಸೋಸಿಯೇಷನ್ನಿನ ಸೆಕ್ರೆಟರಿ. ಕೆಟ್ಟವನಲ್ಲ. ಹೊಸ ಸ್ಯಾಂಟ್ರೋ ತಗೊಂಡಿದ್ದಾನೆ, ನಿಲ್ಲಿಸಲು ಜಾಗವಿಲ್ಲ, ಅಷ್ಟೆ.

"ಅಂಕಲ್, ತಪ್ಪು ತಿಳ್ಕೋಬೇಡಿ. ಆಂಟಿ ಹೋದ್ಮೇಲೆ ಅಲ್ಲಿ ಯಾರೂ ಆಡ್ತಿಲ್ಲ. ಕಂಬ ತೆಗೆಸಿ ಪಾರ್ಕಿಂಗ್ ಮಾಡೋಣ ಅಂತ ಕಮಿಟೀಲಿ ಮಾತು ಬಂದಿದೆ. ರಾಜ್ಯೋತ್ಸವಕ್ಕೆ ಲೇಡೀಸ್ ಟೀಮ್ ಇಳಿದ್ರೆ ನಾನು ಆ ಪಾರ್ಕಿಂಗ್ ಮಾತು ನಿಲ್ಲಿಸ್ತೀನಿ. ಏಳು ಜನ ಬೇಕು. ಇಲ್ದಿದ್ರೆ ನನ್ನ ಕೈಲಿ ಆಗಲ್ಲ."

ಏಳು ಜನ. ಫೆಬ್ರವರಿಯಲ್ಲಿ ಶಾಂತಾ ಹೋದ ಮೇಲೆ ಉಳಿದವರು ಆರು.

ಸಂಜೆ ವಿದ್ಯಾಗೆ ಫೋನ್ ಮಾಡಿದೆ. ಸಿ.ವಿ. ರಾಮನ್ ನಗರ, ಇಲ್ಲೇ, ಆದರೂ ಮಗಳ ದನಿ ದೂರದಿಂದ ಬಂದಂತೆ ಕೇಳುತ್ತದೆ. ಹೇಳಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ —

"ಅಪ್ಪ, ಅಮ್ಮನ ಶೂ ಎಲ್ಲಿದೆ?"


೨ ಅಕ್ಟೋಬರ್, ಶನಿವಾರ

ಗಾಂಧಿ ಜಯಂತಿ, ಮಗಳ ಬ್ಯಾಂಕಿಗೆ ರಜೆ. ವಿದ್ಯಾ ಬೆಳಿಗ್ಗೆಯೇ ಬಂದಳು, ಮೊಮ್ಮಗಳು ಆಶ್ರಿತಾಳನ್ನು ನನ್ನ ತೊಡೆಯ ಮೇಲೆ ಕೂರಿಸಿ ಮೈದಾನಕ್ಕೆ ಹೋದಳು. ಶೂ ಅಟ್ಟದ ಮೇಲಿತ್ತು. ಅವಳಿಗೆ ಸ್ವಲ್ಪ ದೊಡ್ಡದು. ಮುಂದೆ ಹತ್ತಿ ತುರುಕಿಕೊಂಡಳು.

ನಾನು ಹೋಗಲಿಲ್ಲ. ಮೈದಾನ ನಮ್ಮ ಗೇಟಿನಿಂದ ಕಾಣುತ್ತದೆ. ಗೇಟೇ ಸಾಕು.

ಕಂಡದ್ದು: ವಿದ್ಯಾ ಚೆಂಡು ಹೊಡೆಯುತ್ತಾಳೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿದ ಕೈ. ಚೆಂಡು ಬಂದ ತಕ್ಷಣ ಫಟ್. ಥ್ರೋಬಾಲಿನಲ್ಲಿ ಹೊಡೆಯುವಂತಿಲ್ಲ. ಎರಡೂ ಕೈಯಲ್ಲಿ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಭುಜದ ಮೇಲಿನಿಂದ ಎಸೆಯಬೇಕು. ಹೊಡೆದರೆ ಫೌಲ್. ಇವಳು ಮತ್ತೆ ಫಟ್. ಮತ್ತೆ ಫೌಲ್.

ಚಿಕ್ಕಮುನಿಯಮ್ಮನಿಗೆ ತಡೆಯಲಾಗಲಿಲ್ಲ. ತಿಪ್ಪಸಂದ್ರದಿಂದ ಹಾಲು ತಂದು ಹಾಕುವಾಕೆ. ಕಂಬ ನೆಟ್ಟ ಹೊಸದರಲ್ಲಿ ಒಂದು ಸಂಜೆ ಒಬ್ಬರು ಕಡಿಮೆ ಬಿದ್ದಾಗ ಶಾಂತಾ ಆಕೆಯ ಕ್ಯಾನು ಇಳಿಸಿ ಕೋರ್ಟಿಗೆ ಎಳೆದುಕೊಂಡಿದ್ದಳು. ಅಂದಿನಿಂದ ಇಂದಿನವರೆಗೆ ಬರಿಗಾಲಿನ ಆಟಗಾರ್ತಿ.

"ಯಾಕವ್ವ ಒಡೀತೀಯ? ಅದೇನ್ ನಿನ್ ಸವತಿನಾ? ಇಡ್ಕೊಳವ್ವ! ನಿಮ್ಮವ್ವ ಇಡ್ಕೊಂತಿದ್ಲು!"

ಸುರಯ್ಯಾ ಕೂತು ನಕ್ಕಳು. ಶಾಂತಾಳ ಆಫೀಸಿನ ಗೆಳತಿ, ಪಕ್ಕದ ಬೀದಿ. "ಅರೇ ಬಿಡಮ್ಮಾ, ಬ್ಯಾಂಕ್‌ನವರು. ಬಂದಿದ್ದು ಬಂದಹಾಗೆ ರಿಟರ್ನ್ ಮಾಡ್ತಾರೆ."

ವಿದ್ಯಾಳೂ ನಕ್ಕಳು. ಎಂಟು ತಿಂಗಳಾದ ಮೇಲೆ ಅವಳ ನಗು ಕೇಳಿದೆ. ಗೇಟಿನ ಚಿಲಕ ಹಿಡಿದೇ ನಿಂತಿದ್ದೆನಂತೆ, ಆಶ್ರಿತಾ ಹೇಳಿದಳು. ಅಂಗೈ ತುಂಬ ತುಕ್ಕು.


೫ ಅಕ್ಟೋಬರ್

ಏನೂ ಇಲ್ಲ. ಕರೆಂಟ್ ಇಲ್ಲ. ಆ ಪದ ನೆನಪಾಗಲಿಲ್ಲ.


೧೦ ಅಕ್ಟೋಬರ್, ಭಾನುವಾರ. ಮಧ್ಯಾಹ್ನ

ಪದ್ದಕ್ಕ ಬಂದಿದ್ದಾಳೆ. ನನ್ನ ಅಕ್ಕ. ಮೊದಲು ನಮ್ಮ ಜೊತೆಗೇ ಇದ್ದವಳು, ಮಗ ಹೊರಮಾವಿನಲ್ಲಿ ಮನೆ ಕಟ್ಟಿಸಿದ ಮೇಲೆ ಅಲ್ಲಿ. ಎರಡು ಬಸ್ಸು ಬದಲಾಯಿಸಿ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಒಂದೇ ಬಸ್ಸಿನಲ್ಲಿ ಹೋಗಿತ್ತು.

"ಏನೋ ಅನಂತು, ವಿದ್ಯಾ ಆಟ ಆಡ್ತಾಳಂತೆ?"

"ಹೂಂ."

"ತಾಯಿ ಹೋಗಿ ವರ್ಷ ತುಂಬಿಲ್ಲ. ಈ ಸಲ ಮನೇಲಿ ಗೊಂಬೆ ಇಡೋ ಹಾಗಿಲ್ಲ, ದೀಪಾವಳಿ ಇಲ್ಲ. ಇವಳು ಶಾಮಿಯಾನ ಹಾಕಿಸ್ಕೊಂಡು ಕುಣೀತಾಳಂತೋ?"

ಅಷ್ಟರಲ್ಲಿ ವಿದ್ಯಾ ಬಂದಳು, ಮೊಣಕೈಗೆಲ್ಲ ಕೆಂಪುಮಣ್ಣು. ಬಾಗಿಲಲ್ಲಿ ಕೂತು ಶೂ ದಾರ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದಳು —

"ನಂಗೆ ಮೂರು ದಿನ ಅಲ್ವಾ ಅತ್ತೆ? ಅದು ಫೆಬ್ರವರೀಲೇ ಮುಗೀತು."

ಇದನ್ನು ಬರೆದಿಡಬೇಕು. ಆಗ ಬರೆದಿರಲಿಲ್ಲ, ಆ ತಿಂಗಳು ನಾನು ಏನನ್ನೂ ಬರೆಯಲಿಲ್ಲ. ಶಾಂತಾ ಹೋದ ಮರುದಿನ ಪದ್ದಕ್ಕ ಇವಳಿಗೆ ಹೇಳಿದ್ದಳು: "ನೀನು ಕೊಟ್ಟ ಹೆಣ್ಣು ಕಣೇ. ನಿಂಗೆ ಸೂತಕ ಮೂರು ದಿನ ಅಷ್ಟೆ. ಆಮೇಲೆ ನಿಮ್ಮನೆಗೆ ಹೋಗಿ ದೀಪ ಹಚ್ಚು." ಶಾಸ್ತ್ರ ಹಾಗೇ ಇದೆ, ಅವಳೇನೂ ಹುಟ್ಟಿಸಿ ಹೇಳಲಿಲ್ಲ. ವಿದ್ಯಾ ಮಾತಾಡಿರಲಿಲ್ಲ. ಮೂರನೇ ದಿನ ಸ್ನಾನ ಮಾಡಿ, ಅಮ್ಮನ ಕಾಫಿ ಲೋಟ ತೊಳೆದು ಮಗುಚಿಟ್ಟು, ಹೊರಟುಹೋಗಿದ್ದಳು. ನುಂಗಿಕೊಂಡಳು ಎಂದು ತಿಳಿದಿದ್ದೆ. ನುಂಗಿರಲಿಲ್ಲ, ಬಾಯಲ್ಲೇ ಇಟ್ಟುಕೊಂಡಿದ್ದಳು.

"ಅಮ್ಮಂಗೆ ಚೆಂಡು ಕಳಿಸೋಕೆ ಮೂರು ಸೆಕೆಂಡು. ನಂಗೆ ಅಮ್ಮನ್ನ ಕಳಿಸೋಕೆ ಮೂರು ದಿನ. ಸರಿ, ರೂಲು ಅಂದ್ರೆ ರೂಲು. ಈಗ ನಾನು ಆಡ್ತೀನಿ. ಆ ಮನೆಯವಳು ತಾನೆ?"

ನನಗೆ — ನಿಜ ಹೇಳಲೇ? — ಹೆಮ್ಮೆಯಾಯಿತು. ಶಾಂತಾ ಸರ್ವಿಸ್ ಮಾಡುತ್ತಿದ್ದದ್ದೂ ಹೀಗೇ. ಎದುರಿನವರು ಬಿಟ್ಟ ಜಾಗಕ್ಕೇ.

ವಿದ್ಯಾ ನಿಲ್ಲಿಸಲಿಲ್ಲ. "ಇನ್ನೊಂದು ಮೂರು ದಿನಾನೂ ನೀವೇ ಕೊಟ್ಟಿದ್ರಿ ಅತ್ತೆ. ನಾನು ಎಂಟನೇ ಕ್ಲಾಸು."

ನಾನು ಏಳಬೇಕೆಂದಿದ್ದೆ. ಗಂಡಸರು ಕೂತು ಕೇಳುವ ಮಾತಲ್ಲ. ಆದರೆ ಆಶ್ರಿತಾ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕೂತೇ ಇದ್ದೆ.

"ಹಿಂದಿನ ಕೋಣೇಲಿ ಚಾಪೆ ಮೇಲೆ ಕೂರಿಸಿದ್ರಿ. ಯಾರನ್ನೂ ಮುಟ್ಟಬೇಡ ಅಂದ್ರಿ. ನಂಗೆ ಏನೋ ತಪ್ಪು ಮಾಡಿದ್ದೀನಿ ಅನ್ನಿಸ್ತು. ಎರಡನೇ ದಿನ ಅಮ್ಮ ಆಫೀಸಿಂದ ಬಂದ್ಲು. 'ಏಳೇ, ಇವತ್ತು ಒಬ್ಬರು ಕಮ್ಮಿ' ಅಂದ್ಲು. ಹಿತ್ತಲ ಬಾಗಿಲಿಂದ ಕರ್ಕೊಂಡು ಹೋಗಿ ಕೋರ್ಟಲ್ಲಿ ನಿಲ್ಲಿಸಿದ್ಲು. ಚೆಂಡು ಕೈಗಿಟ್ಟು ಏನಂದ್ಲು ಗೊತ್ತಾ? 'ಅದು ಮುಟ್ಟಬಾರದು ಇದು ಮುಟ್ಟಬಾರದು ಅಂದ್ರು. ಚೆಂಡು ಮುಟ್ಟಬಾರದು ಅಂತ ಯಾರೂ ಹೇಳಿಲ್ಲ.' ನಾನು ಇವತ್ತು ಬ್ಯಾಂಕಲ್ಲಿ ಎಂಥಾ ಮ್ಯಾನೇಜರ್ ಎದುರಿಗಾದ್ರೂ ನಿಂತು ಮಾತಾಡ್ತೀನಲ್ಲ, ಅದು ಆ ಸಂಜೆಯಿಂದ."

ಇಷ್ಟು ವರ್ಷ ಈ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಶಾಂತಾ, ನೀನು ಹೇಳಲೇ ಇಲ್ಲ.

ಪದ್ದಕ್ಕ ಬಹಳ ಹೊತ್ತು ಸೆರಗಿನ ತುದಿ ಸುರುಳಿ ಸುತ್ತಿದಳು. "ಗೊತ್ತು," ಎಂದಳು ಕೊನೆಗೆ. "ನಿನ್ನ ಲಂಗದ ಅಂಚಲ್ಲಿ ಕೆಂಪುಮಣ್ಣಿತ್ತು. ನೋಡ್ದೆ. ಸುಮ್ಮನಿದ್ದೆ."

ಎದ್ದು ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದಳು. ಇಂಗು ಎಂದಿಗಿಂತ ಜಾಸ್ತಿ.


೧೭ ಅಕ್ಟೋಬರ್, ಭಾನುವಾರ

ಪದ್ದಕ್ಕ ಇನ್ನೂ ಇಲ್ಲೇ. ನನ್ನ ಅಂಗಿಗೆಲ್ಲ ಗುಂಡಿ ಬಂದಿದೆ.

ಸುದರ್ಶನ್ ಬಂದ. ಸೋಫಾದ ತುದಿಯಲ್ಲಿ ಕೂತ. ತುದಿಯಲ್ಲಿ ಕೂತರೆ ಕೆಟ್ಟ ಸುದ್ದಿ ಎಂದರ್ಥ.

"ಅಂಕಲ್, ಟೀಮ್ ಲಿಸ್ಟ್ ನೋಡ್ದೆ. ಶ್ರೀವಿದ್ಯಾ ಹೆಸರಿದೆ. ಕಮಿಟೀಲಿ ಆಬ್ಜೆಕ್ಷನ್ ಬಂತು. ರೆಸಿಡೆಂಟ್ಸ್ ಮಾತ್ರ ಆಡಬೇಕು ಅಂತ ರೂಲ್ ಇದೆಯಲ್ಲ."

"ಚಿಕ್ಕಮುನಿಯಮ್ಮ ರೆಸಿಡೆಂಟೇ?" ನಾನು ಕೇಳಿದೆ.

"ಅವರು ದಿನಾ ಬರ್ತಾರೆ ಅಂಕಲ್, ಸ್ಟಾಫ್ ಥರ. ಆದರೆ ಶ್ರೀವಿದ್ಯಾ ಮದುವೆ ಆಗಿ ಹೋದವರು. ಈಗ ಅವರು ಈ ಮನೆಯವರಲ್ಲವಲ್ಲ."

ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು ಪದ್ದಕ್ಕ.

"ಯಾರಪ್ಪ ಹೇಳಿದ್ದು, ಈ ಮನೆಯವಳಲ್ಲ ಅಂತ?"

"ಅಲ್ಲ ಆಂಟಿ, ರೂಲ್ಸ್ ಪ್ರಕಾರ…"

"ರೂಲ್ಸು! ಆ ಕಂಬ ಅವರಮ್ಮ ನೆಟ್ಟಿದ್ದು. ನೀನು ಕಾಲೇಜಿಗೆ ಹೋಗೋನು ಅದಕ್ಕೆ ಸೈಕಲ್ ಒರಗಿಸ್ಕೊಂಡು ಸಿಗರೇಟು ಸೇದ್ತಿದ್ದೆ. ಮಹಡಿ ಮೇಲೆ ಸಂಡಿಗೆ ಕಾಯ್ತಾ ಕೂತಿರ್ತಿದ್ದೆ ನಾನು, ಕಾಣಲ್ಲ ಅಂದ್ಕೊಂಡ್ಯಾ? ನಿಮ್ಮಮ್ಮಂಗೆ ಹೇಳಿದ್ನಾ? ಹೇಳ್ಲಿಲ್ಲ. ಈಗ ನೀನು ನನ್ನ ತಮ್ಮನ ಮಗಳ್ನ ಬೇರೆ ಮನೆಯವಳು ಅಂತೀಯ. ಅವಳು ಈ ಮನೆಯವಳೇ. ಬರ್ಕೋ!"

ಸುದರ್ಶನ್ ಬರೆದುಕೊಂಡ. ಪೆನ್ನೂ ನನ್ನದೇ ಇಸಿದುಕೊಂಡ. ಹೋಗುವಾಗ "ಕಮಿಟಿಗೆ ನಾನು ಹೇಳ್ತೀನಿ ಅಂಕಲ್" ಎಂದ. ಮೆಲ್ಲಗೆ, "ಸಿಗರೇಟು ಬಿಟ್ಟಿದ್ದೀನಿ."

ಗೇಟು ಹಾಕಿದ ಸದ್ದಾಯಿತು. ತಾನೇನು ಹೇಳಿದೆ ಎಂಬುದು ಪದ್ದಕ್ಕನಿಗೆ ಆಗ ಹೊಳೆಯಿತು. ವಿದ್ಯಾಳಿಗೂ. ಅವಳು ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಹಾಗಾದ್ರೆ ಮೂರು ದಿನ, ಅತ್ತೆ?"

ಸೌಟಿನಿಂದ ಹುಳಿ ತೊಟ್ಟಿಕ್ಕುತ್ತಿತ್ತು. ಪದ್ದಕ್ಕ ಅದನ್ನೇ ನೋಡುತ್ತಾ ನಿಂತಳು.

"ವರ್ಷ," ಎಂದಳು. "ವರ್ಷಾನೂ ನಿಂದೇ ಕಣೇ. ಆಡ್ಕೊಂಡೇ ಹಿಡಿ. ಶಾಂತಾಗೇನು ಅರ್ಥ ಆಗಲ್ವೆ?"

ಆಮೇಲೆ ಇಬ್ಬರೂ ಅತ್ತರು. ನಾನು ನೆಲ ಒರೆಸಿದೆ. ಯಾರಾದರೂ ಒರೆಸಬೇಕಲ್ಲ.


೨೨ ಅಕ್ಟೋಬರ್. ವಿಜಯದಶಮಿ

ಗೊಂಬೆ ಇಡಲಿಲ್ಲ. ಪೆಟ್ಟಿಗೆ ತೆಗೆಯಲೂ ಇಲ್ಲ. ಪಕ್ಕದ ಮನೆಯಿಂದ ಗೊಂಬೆ ಆರತಿಯ ಪ್ರಸಾದ, ಚರುಪು ಬಂತು, ಆಶ್ರಿತಾ ತಿಂದಳು. ವಿದ್ಯಾ ಸಂಜೆ ಪ್ರಾಕ್ಟೀಸಿಗೆ ಹೋದಳು. ಬರುವಾಗ, "ಇವತ್ತು ಒಂದೂ ಹೊಡೀಲಿಲ್ಲ ಅಪ್ಪ, ಎಲ್ಲಾ ಹಿಡಿದೆ." ಅಂಗೈ ಕೆಂಪಗೆ ಊದಿತ್ತು. ತೆಂಗಿನೆಣ್ಣೆ ಹಚ್ಚಿದೆ. ಶಾಂತಾಗೂ ಮೊದಮೊದಲು ಹೀಗೇ ಆಗುತ್ತಿತ್ತು.

ಆಮೇಲೆ ಕೇಳಿದಳು: "ಸ್ಕೋರ್ ಬೋರ್ಡ್ ಎಲ್ಲಿ?"

ಕೇಳಿಸದವನಂತೆ ಎಣ್ಣೆ ಬಾಟಲಿಯ ಮುಚ್ಚಳ ಹುಡುಕಿದೆ.


೩೧ ಅಕ್ಟೋಬರ್, ಭಾನುವಾರ

ಬೋರ್ಡಿನ ವಿಷಯ. ಕಮ್ ಟು ದಿ ಪಾಯಿಂಟ್.

ಶಾಂತಾ ಆಡಿದಷ್ಟು ಕಾಲ ಸ್ಕೋರರ್ ನಾನು. ಮಡಿಸುವ ಕುರ್ಚಿ, ಕಪ್ಪು ಹಲಗೆ, ಸೀಮೆಸುಣ್ಣ, ಡಸ್ಟರ್. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು. ಏರ್‌ಪೋರ್ಟು ಪಕ್ಕದಲ್ಲೇ. ವಿಮಾನ ಇಳಿಯುವಾಗ, ಏರುವಾಗ ಸೀಟಿ ಕೇಳಿಸುವುದಿಲ್ಲ, ಪಕ್ಕದವಳ ಕೂಗು ಕೇಳಿಸುವುದಿಲ್ಲ. ಒಮ್ಮೆ ಆ ಸದ್ದಿನಲ್ಲಿ ಇಬ್ಬರು ಒಂದೇ ಚೆಂಡಿಗೆ ಓಡಿ ಹಣೆ ಹಣೆ ಬಡಿದುಕೊಂಡರು. ಶಾಂತಾ ಆವತ್ತೇ ರೂಲು ಮಾಡಿದಳು: ವಿಮಾನ ಬಂದರೆ ಆಟ ನಿಲ್ಲಬೇಕು. ಚೆಂಡು ಯಾರ ಕೈಯಲ್ಲಿದೆಯೋ ಅವರು ಎದೆಗೊತ್ತಿಕೊಂಡು ನಿಲ್ಲಬೇಕು. ಸದ್ದು ಹೋದ ಮೇಲೆ ಅದೇ ಪಾಯಿಂಟು ಮತ್ತೆ.

ವಿಮಾನ ಬರುತ್ತಿದೆ ಎಂದು ಹೇಳುವವನು ನಾನು. ವಿಮಾನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಸರ್ವಿಸ್ ಮುಗಿಸಿದವನ ಕಿವಿ — ಎಲ್ಲರಿಗಿಂತ ಮೊದಲು ಕೇಳುತ್ತದೆ. ಕೇಳಿದ ಕೂಡಲೇ ಡಸ್ಟರ್ ಎತ್ತಬೇಕು. ಎತ್ತಿದರೆ ಕೋರ್ಟೆಲ್ಲ ಕಲ್ಲು. ಹದಿನಾಲ್ಕು ಹೆಂಗಸರು ಆಕಾಶ ನೋಡುತ್ತಾ ನಿಂತಿರುತ್ತಿದ್ದರು. ಶಾಂತಾ ಮಾತ್ರ ನನ್ನ ಕಡೆ ನೋಡುತ್ತಿದ್ದಳು, ಡಸ್ಟರ್ ಯಾವಾಗ ಇಳಿಯುತ್ತದೆ ಎಂದು. ಅದಕ್ಕೆಂದೇ ನೋಡುತ್ತಿದ್ದಳು ಅಷ್ಟೆ. ಆದರೂ.

ಫೆಬ್ರವರಿಯಿಂದ ಹಲಗೆ ಮಂಚದ ಕೆಳಗೆ. ಇವತ್ತು ತೆಗೆದೆ. ಮೇಲೆ ಇನ್ನೂ ಹಳೇ ಸ್ಕೋರು. ಅವಳ ಕೊನೆಯ ಆಟದ್ದು. ಬಹಳ ಹೊತ್ತು ನೋಡಿದೆ. ಪದ್ದಕ್ಕ ಬಂದು ಪಕ್ಕದಲ್ಲಿ ನಿಂತಳು.

"ಒದ್ದೆ ಬಟ್ಟೆ ತರಲೇನೋ?"

"ಬೇಡ. ನಾನೇ ಒರೆಸ್ತೀನಿ."

ಒರೆಸಿದೆ.


೮ ನವೆಂಬರ್, ಸೋಮವಾರ. ಬೆಳಿಗ್ಗೆ, ಎರಡನೇ ಕಾಫಿ

ನಿನ್ನೆ ಬರೆಯಲಾಗಲಿಲ್ಲ. ಈಗ ಒಂದೊಂದಾಗಿ. ಹಿಂದುಮುಂದಾದರೆ ಮೇಷ್ಟ್ರು ಕ್ಷಮಿಸಲಿ.

ಕಾಲೋನಿ ರಾಜ್ಯೋತ್ಸವ. ಶಾಮಿಯಾನ, ಹಳದಿ ಕೆಂಪು ಬಂಟಿಂಗ್ಸು, ಚಿತ್ರಾನ್ನದ ವಾಸನೆ. ಎದುರಾಳಿ ಕೆ.ಆರ್. ಪುರಂ ಕಡೆಯ ಮಹಿಳಾ ಸಂಘ. ಅವರ ಕ್ಯಾಪ್ಟನ್ ದೊಡ್ಡ ಆಳು, ಸ್ಕೂಲ್ ಟೀಚರಂತೆ, ಸರ್ವಿಸ್ ಮಾಡಿದರೆ ಗಾಳಿ ಬೀಸುತ್ತದೆ. ಅಂಪೈರ್ ಕೂಡ ಹೊರಗಿನವರು, ಯಾವುದೋ ಶಾಲೆಯ ಪಿ.ಟಿ. ಮೇಷ್ಟ್ರು.

ನಾನು ಕುರ್ಚಿ ಬಿಡಿಸಿ ಕೂತೆ. ಜಾಗ ಅದೇ. ಪಕ್ಕದಲ್ಲಿ ಪದ್ದಕ್ಕ, ತೊಡೆಯ ಮೇಲೆ ಆಶ್ರಿತಾ.

ಮೊದಲನೇ ಗೇಮ್ ಹೋಯಿತು. ವಿದ್ಯಾ ಗಾಬರಿಯಲ್ಲಿ ಎರಡು ಸಲ ಹೊಡೆದಳು. ಚಿಕ್ಕಮುನಿಯಮ್ಮನ ಬೈಗುಳ ಮೈಕಿಲ್ಲದೆ ಶಾಮಿಯಾನ ದಾಟಿತು. ಎರಡನೆಯದರಲ್ಲಿ ಕೈ ಕುದುರಿತು. ಬಂದದ್ದನ್ನೆಲ್ಲ ಹಿಡಿದಳು. ಎಡಕ್ಕೆ ಬಂದದ್ದು, ನೆಲ ಸವರಿ ಬಂದದ್ದು, ಮುಖಕ್ಕೇ ಬಂದದ್ದು. ಹಿಡಿದು, ಒಂದು ಕ್ಷಣ ಎದುರಿನವರ ಕಣ್ಣು ನೋಡಿ, ಅವರು ಇಲ್ಲದ ಕಡೆಗೆ. ಗೆದ್ದರು. ನನ್ನ ಸೀಮೆಸುಣ್ಣ ಮುರಿಯಿತು.

ಮೂರನೆಯದು ಸಮ ಸಮವಾಗಿ ಬಂತು. ಕೊನೆಗೆ ಅವರಿಗೆ ಇನ್ನೊಂದೇ ಪಾಯಿಂಟು ಬೇಕು, ನಮಗೆ ಎರಡು. ಟೀಚರಮ್ಮ ಎಸೆದದ್ದು ಗುಂಡಿನ ಹಾಗೆ ಬಂತು. ವಿದ್ಯಾ ಎರಡೂ ಕೈಯಲ್ಲಿ ಹಿಡಿದಳು. ಹಿಂದಕ್ಕೆ ಒಂದು ಹೆಜ್ಜೆ ಹೋದಳು, ಬಿಡಲಿಲ್ಲ. ಜನ ಹೋ ಎಂದರು.

ಆಗ ನನಗೆ ಕೇಳಿತು. ಪೂರ್ವದ ಕಡೆಯಿಂದ. ಇಳಿಯುವ ವಿಮಾನ.

ಯೋಚನೆ ಮಾಡಲಿಲ್ಲ. ಯೋಚನೆ ಮಾಡುವ ಕೆಲಸವೇ ಅಲ್ಲ ಅದು. ಡಸ್ಟರ್ ಎತ್ತಿದೆ.

ನಮ್ಮ ಏಳೂ ಜನ ಕಲ್ಲಾದರು. ಸುರಯ್ಯಾ ಬಗ್ಗಿದವಳು ಬಗ್ಗಿದ ಹಾಗೇ. ಚಿಕ್ಕಮುನಿಯಮ್ಮ ಒಂದು ಕಾಲು ಎತ್ತಿದವಳು ಎತ್ತಿದ ಹಾಗೇ. ವಿದ್ಯಾ ಚೆಂಡು ಎದೆಗೊತ್ತಿಕೊಂಡು ನಿಂತಳು. ಉಳಿದವರು ಆಕಾಶ ನೋಡಿದರು. ಅವಳು ನನ್ನ ಕಡೆ ನೋಡಿದಳು.

ಅಷ್ಟು ಸಾಕಾಗಿತ್ತು ನನಗೆ. ಒಂಬತ್ತು ತಿಂಗಳಿನದೆಲ್ಲ…

ಅಂಪೈರ್ ಮೂರು ಬೆರಳು ತೋರಿಸಿದರು. ವಿಮಾನದ ಸದ್ದಿನಲ್ಲಿ ಸೀಟಿ ಕೇಳಲೂ ಇಲ್ಲ. ಹಿಡಿದುಕೊಂಡು ನಿಂತದ್ದಕ್ಕೆ ಫೌಲ್. ಪಾಯಿಂಟು ಅವರಿಗೆ. ಮ್ಯಾಚೂ.

ಸದ್ದು ಹೋದ ಮೇಲೆ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನೆಟ್ಟಿನ ಹತ್ತಿರ ಬಂದರು. "ಏನಾಯ್ತ್ರೀ? ಎಸೀಬೇಕಿತ್ತು, ನಿಂತ್ಬಿಟ್ರಲ್ಲ! ಏಳೂ ಜನ!"

ಸುರಯ್ಯಾ ಮೇಲಕ್ಕೆ ಕೈ ತೋರಿಸಿದಳು. "ಪ್ಲೇನ್ ಬಂದ್ರೆ ನಿಲ್ಲಬೇಕು ಜೀ. ಶಾಂತಾದೀದಿ ರೂಲು."

"ಯಾರು ಶಾಂತಾದೀದಿ?"

ಚಿಕ್ಕಮುನಿಯಮ್ಮ ಕಂಬ ಮುಟ್ಟಿ, "ಇದನ್ನ ನೆಟ್ಟೋರು" ಎಂದಳು. ಆಮೇಲೆ ವಿದ್ಯಾಳ ಭುಜ ಮುಟ್ಟಿ, "ಇವ್ಳವ್ವ. ಈಗಿಲ್ಲ."

ಟೀಚರಮ್ಮ ಕಂಬ ನೋಡಿದರು, ಆಕಾಶ ನೋಡಿದರು, ನನ್ನ ಡಸ್ಟರ್ ನೋಡಿದರು. ನಾನು ಇನ್ನೂ ಎತ್ತಿಕೊಂಡೇ ಇದ್ದೆನಂತೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು, ನಕ್ಕದ್ದಕ್ಕೋ ಏನೋ. "ಆ ಪಾಯಿಂಟು ವಾಪಸ್ ತಗೊಳ್ಳಿ. ಮತ್ತೆ ಆಡೋಣ."

"ಬೇಡ ಮೇಡಂ," ವಿದ್ಯಾ ಹೇಳಿದಳು. "ಅದು ನಮ್ಮನೆ ರೂಲು. ನೀವು ಗೆದ್ದಿದ್ದೀರಿ."

"ಹಾಗಾದ್ರೆ ಮುಂದಿನ ವರ್ಷ ಇಲ್ಲೇ ಬರ್ತೀವಿ. ನಾವೂ ನಿಲ್ತೀವಿ ಪ್ಲೇನಿಗೆ. ಆವಾಗ ನೋಡೋಣ."

ಬಹುಮಾನ ತಗೊಳ್ಳುವಾಗ ಮೈಕಿನಲ್ಲೂ ಅದನ್ನೇ ಹೇಳಿದರು: ಮುಂದಿನ ವರ್ಷ, ಇದೇ ಕೋರ್ಟು, ಇದೇ ಕಂಬ. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಸುದರ್ಶನ್ ಒಂದು ಕ್ಷಣ ತನ್ನ ಸ್ಯಾಂಟ್ರೋ ಕಡೆ ನೋಡಿದ. ಆಮೇಲೆ ಮೈಕ್ ಇಸಿದುಕೊಂಡು, "ಖಂಡಿತ ಬನ್ನಿ, ಕಂಬ ಎಲ್ಲೂ ಹೋಗಲ್ಲ" ಎಂದ. ಇಷ್ಟು ಜನರ ಮುಂದೆ ಹೇಳಿದ ಮೇಲೆ ಮುಗಿಯಿತು.

ಕೊನೆಗೆ ವಂದನಾರ್ಪಣೆ. ಅದು ಪ್ರತಿವರ್ಷ ಶಾಂತಾಳ ಕೆಲಸ. ಅಧ್ಯಕ್ಷರಿಂದ ಹಿಡಿದು ಶಾಮಿಯಾನದ ಸಾಯಬಣ್ಣನವರೆಗೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ತಮ್ಮ ಹೆಸರು ಕೇಳಲೆಂದೇ ಜನ ಕೊನೆಯವರೆಗೆ ಕೂತಿರುತ್ತಿದ್ದರು. ಸುದರ್ಶನ್ ಮೈಕನ್ನು ವಿದ್ಯಾಳ ಕೈಗೆ ಕೊಟ್ಟ. "ನಿಮ್ಮಮ್ಮನ ಕೆಲಸ. ನೀನೇ ಮಾಡಮ್ಮ."

ಬೆವರಿನಲ್ಲೇ ನಿಂತಿದ್ದಳು. ಒಂದು ಕೆನ್ನೆಗೆ ಮಣ್ಣು. ಎಲ್ಲರಿಗೂ ಹೇಳಿದಳು, ಅಮ್ಮನ ಹಾಗೇ, ಸಾಯಬಣ್ಣನವರೆಗೆ. ಆಮೇಲೆ —

"ಅಮ್ಮ ಇಷ್ಟು ವರ್ಷ ಇಲ್ಲಿ ನಿಂತು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ್ಲು. ಅವಳಿಗೆ ಯಾರೂ ಹೇಳೋಕಾಗ್ಲಿಲ್ಲ. ಯಾಕಂದ್ರೆ ವಂದನಾರ್ಪಣೆ ಮುಗಿದ ತಕ್ಷಣ ರಾಷ್ಟ್ರಗೀತೆ ಶುರುವಾಗ್ಬಿಡುತ್ತೆ. ಎಲ್ಲರೂ ಎದ್ದು ನಿಂತ್ಬಿಡ್ತಾರೆ."

ಜನ ನಕ್ಕರು.

"ಇವತ್ತು ಒಂದು ನಿಮಿಷ ಕೂತಿರಿ. ಆಶ್ರಿತಾ ಮೂರು ತಿಂಗಳ ಕೂಸು, ನಾನು ಬ್ಯಾಂಕಿಗೆ ವಾಪಸ್ ಹೋಗಬೇಕು. ಕೆಲಸ ಬಿಡ್ತೀನಿ ಅಂತ ಅಳ್ತಿದ್ದೆ. ಅಮ್ಮ 'ಮಗೂನ ಇತ್ಲಾಗೆ ಕೊಡು, ನೀನು ಬಸ್ ಹಿಡಿ' ಅಂದ್ಲು. ರಿಟೈರ್ಮೆಂಟ್ ತಗೊಂಡ್ಲು, ನಂಗೋಸ್ಕರ. ಆಟ ಮಾತ್ರ ಬಿಡ್ಲಿಲ್ಲ. ಸಂಜೆ ನಾನು ಬರೋಹೊತ್ತಿಗೆ ಮಗು ಅಪ್ಪನ ತೊಡೆ ಮೇಲೆ, ಅಪ್ಪ ಬೋರ್ಡ್ ಹತ್ರ, ಅಮ್ಮ ಕೋರ್ಟಲ್ಲಿ. ನನಗೋಸ್ಕರ ಏನೇನೋ ಬಿಟ್ಲು, ತನ್ನನ್ನ ಬಿಟ್ಕೊಡ್ಲಿಲ್ಲ. ಅದನ್ನ ನೋಡಿ ನಾನು ಕಲ್ತೆ. ಬರೋದನ್ನ ಎರಡೂ ಕೈಲಿ ಹಿಡಿ ಅಂತಿದ್ಲು. ನಾನು ಹೊಡೀತಿದ್ದೆ. ಈಗ…"

ಆಗ ಇನ್ನೊಂದು ವಿಮಾನ. ಈ ಸಲ ನಾನು ಬೇಕೆಂದೇ ಎತ್ತಿದೆ, ಡಸ್ಟರ್. ವಿದ್ಯಾ ಮೈಕು ಎದೆಗೊತ್ತಿಕೊಂಡು ನಿಂತಳು. ಶಾಮಿಯಾನ ಪೂರ್ತಿ ಕೂತಲ್ಲೇ ಕಲ್ಲಾಯಿತು. ಕೆ.ಆರ್. ಪುರಂನವರೂ. ಮಕ್ಕಳೂ. ಅಳುವಷ್ಟು ಅತ್ತು, ಮೂಗು ಒರೆಸಿಕೊಳ್ಳಲು ಅವಳಿಗೆ ಪೂರಾ ಒಂದು ವಿಮಾನದಷ್ಟು ಸಮಯ ಸಿಕ್ಕಿತು. ಸದ್ದು ಹೋದ ಮೇಲೆ ಡಸ್ಟರ್ ಇಳಿಸಿದೆ.

"ಈಗ ಹಿಡೀತೀನಿ," ಎಂದಳು. "ಥ್ಯಾಂಕ್ಸ್ ಅಮ್ಮ. ಇನ್ನು ರಾಷ್ಟ್ರಗೀತೆ."

ಎಲ್ಲರೂ ಎದ್ದರು. ಪದ್ದಕ್ಕ ನನ್ನ ಮೊಣಕೈ ಹಿಡಿದು ಎದ್ದಳು, ಬಿಡಲಿಲ್ಲ. ಆ ಇಂಗ್ಲಿಷ್ ಪದ ಆಗ ಪೂರ್ತಿ ನೆನಪಾಯಿತು, ಇಂಡಿಫ್ಯಾಟಿಗಬಲ್. ಬಾಯಲ್ಲಿ ಒಮ್ಮೆ ಹೇಳಿ ನೋಡಿದೆ. ಅಷ್ಟೇನೂ ದೊಡ್ಡ ಪದವಲ್ಲ.


೧೪ ನವೆಂಬರ್, ಭಾನುವಾರ. ಸಂಜೆ, ಮೈದಾನದಲ್ಲಿ

ಇಲ್ಲೇ ಕೂತು ಬರೆಯುತ್ತಿದ್ದೇನೆ, ಹಲಗೆಯ ಪಕ್ಕ. ದೀಪಾವಳಿ ನಮಗಿರಲಿಲ್ಲ. ಬೇರೆಯವರ ಪಟಾಕಿ ಕಾಗದ ಕೋರ್ಟಿನ ತುಂಬ. ಚಿಕ್ಕಮುನಿಯಮ್ಮ ಗುಡಿಸಿದ ಮೇಲೆ ಆಟ ಶುರುವಾಯಿತು.

ಹೊಸಬರು ಮೂವರು ಬಂದಿದ್ದಾರೆ. ಅವರಲ್ಲಿ ಒಬ್ಬಳು ಸುದರ್ಶನನ ಹೆಂಡತಿ! ಗಂಡನಿಗೆ ಹೇಳಿಲ್ಲವಂತೆ, "ಆಡೋದು ನೋಡ್ಲಿ, ಗೊತ್ತಾಗುತ್ತೆ" ಎಂದಳು. ಇವಳೂ ಹೇಳುವವಳಲ್ಲ. ಚೆಂಡು ಬಂದರೆ ಕಣ್ಣು ಮುಚ್ಚುತ್ತಾಳೆ. "ಹೊಡೀಬೇಡಿ, ಹಿಡೀರಿ," ವಿದ್ಯಾ ಕೂಗುತ್ತಾಳೆ. ತಾನು ಹುಟ್ಟಿದಾಗಿನಿಂದ ಹಿಡಿಯುತ್ತಲೇ ಇದ್ದವಳ ಹಾಗೆ.

ಪದ್ದಕ್ಕ ಹೊರಮಾವಿಗೆ ಹೋಗಿಲ್ಲ. ಕಡಲೆಕಾಯಿ ಬಿಡಿಸುತ್ತಾ ಪಕ್ಕದಲ್ಲಿದ್ದಾಳೆ. "ಫೆಬ್ರವರೀಲಿ ವರ್ಷಾಬ್ದಿಕಕ್ಕೆ ವಿದ್ಯಾನೂ ಮಣೆ ಮೇಲೆ ನಿನ್ನ ಪಕ್ಕ ಕೂರ್ಲಿ ಕಣೋ," ಎಂದಳು ಈಗ. ಪುರೋಹಿತರು ಏನನ್ನುತ್ತಾರೋ ಎಂದೆ. "ಅವರಿಗೆ ನಾನು ಹೇಳ್ತೀನಿ." ಪಾಪ ಪುರೋಹಿತರು.

ಆಶ್ರಿತಾ ಚೆಂಡು ತಬ್ಬಿಕೊಂಡು ಲೈನಿನ ಹೊರಗೆ ಕೂತಿದ್ದಾಳೆ. ಕೊಡು ಎಂದರೆ ಕೊಡುವುದಿಲ್ಲ. ಮೂರು ಸೆಕೆಂಡಿನ ರೂಲು ಅವಳಿಗೆ ಇನ್ನೂ ಗೊತ್ತಿಲ್ಲ.

ಶಾಂತಾ, ನಿನ್ನ ಶೂ ವಿದ್ಯಾಗೆ ಈಗ ಸರಿಹೋಗಿದೆ. ಹತ್ತಿ ತೆಗೆದುಬಿಟ್ಟಿದ್ದಾಳೆ. ಕಾಲು ಬೆಳೆಯುವ ವಯಸ್ಸೇನಲ್ಲ, ದಪ್ಪ ಸಾಕ್ಸ್ ಹಾಕಿಕೊಂಡಿದ್ದಾಳೆ. ಆದರೂ.

ಹಲಗೆಯ ಮೇಲಿನ ಅಂಕಿ ಕಾಣುತ್ತಿಲ್ಲ. ಈ ಅಕ್ಷರವೂ. ಬೆಳಕು ಹೋಗುತ್ತಿದೆ. ಇವರು ನಿಲ್ಲಿಸುವ ಹಾಗೆ ಕಾಣೆ, ವಿದ್ಯಾ "ಇನ್ನೊಂದು, ಇನ್ನೊಂದೇ" ಅನ್ನುತ್ತಿದ್ದಾಳೆ, ನಿನ್ನದೇ ದನಿಯಲ್ಲಿ. ಪೂರ್ವದ ಕಡೆ ಏನೋ — ಹೌದು. ಯಾರಿಗೂ ಇನ್ನೂ ಕೇಳಿಸಿಲ್ಲ. ತಡಿ, ಡಸ್ಟರ್ ಎಲ್ಲಿ —